ಚಾವಣಿಯಿಂದ ಇಳಿಯದ ಮೇಸ್ತ್ರಿ

ಮಳೆ ಹಿಡಿದು ಮೂರನೆಯ ದಿನದ ಸಂಜೆ. ನೀರು ಶಾಲೆಯ ಕೆಳಗಿನ ತರಗತಿಗಳಿಗೆ ನುಗ್ಗಿ ಕರಿಹಲಗೆಯ ಅರ್ಧದವರೆಗೆ ಏರಿ ನಿಂತಿತ್ತು. ಮಹಡಿಯ ಮೇಲೆ ಇದ್ದದ್ದು ಮೇಷ್ಟರುಗಳು ಕೂರುವ ಒಂದೇ ಕೋಣೆ. ಅದರಲ್ಲಿ ಈಗ ಐದು ಜನ ದೊಡ್ಡವರು, ಒಂಬತ್ತು ದಿನದ ಒಂದು ಕೂಸು. ಮಿಕ್ಕವರನ್ನೆಲ್ಲ ದೋಣಿಯವರು ಮಧ್ಯಾಹ್ನವೇ ದಾಟಿಸಿದ್ದರು. ಕೊನೆಯ ಸರದಿಗೆ ಬರುವಷ್ಟರಲ್ಲಿ ನೀರಿನ ಸೆಳೆತ ಜೋರಾಗಿ, ಇನ್ನು ಬೆಳಗಿನವರೆಗೆ ಆಗದು ಎಂದು ದೂರದಿಂದಲೇ ಕೈಯಾಡಿಸಿ ತಿರುಗಿಬಿಟ್ಟಿದ್ದರು.

ಶಾಲೆಯ ಬೀಗದಕೈ ಟೀಚರಮ್ಮನ ಬಳಿ ಇತ್ತು. ಅದೊಂದೇ ಕಾರಣಕ್ಕೆ ಎಲ್ಲರೂ ಎಲ್ಲದಕ್ಕೂ ಅವಳ ಮುಖ ನೋಡುತ್ತಿದ್ದರು. ಮೂಲೆಯಲ್ಲಿದ್ದ ಕಬ್ಬಿಣದ ಒಲೆಯನ್ನು ಹಚ್ಚೋಣವೇ ಎಂದು ಲಾರಿ ಡ್ರೈವರ್ ಕೇಳಿದಾಗ ಹೂಂ ಅಂದವಳು ಅವಳೇ. ಕೂಸು ಆ ಡ್ರೈವರನದು. ಅವನ ಹೆಂಡತಿ, ಬಾಣಂತಿ, ಗೋಡೆಗೊರಗಿ ಕೂತು ಮಗುವಿನ ಎರಡೂ ಪಾದಗಳನ್ನು ತನ್ನ ಕಂಕುಳಲ್ಲಿ ಅವುಚಿಕೊಂಡಿದ್ದಳು. ಆ ಅಂಗಾಲುಗಳು ಮಧ್ಯಾಹ್ನದಿಂದ ಬೆಚ್ಚಗಾಗಿರಲಿಲ್ಲ. ಅತ್ತರೆ ಅಳಲಿ ಎಂದು ಎಲ್ಲರೂ ಕಾಯುತ್ತಿದ್ದರು. ಅದು ಅಳುತ್ತಲೂ ಇರಲಿಲ್ಲ.

ಒಲೆ ಹಚ್ಚಿದರೆ ಹೊಗೆ ಕೊಳವೆಯನ್ನು ಏರದೆ ಒಲೆಯ ಬಾಯಿಯಿಂದಲೇ ಉಕ್ಕಿ ಬರುತ್ತಿತ್ತು. ಹೊಗೆ ತುಂಬಿದ ಕೋಣೆಯಲ್ಲಿ ಕೂಸು ಕೆಮ್ಮಲೂ ತಿಳಿಯದೆ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ನೀರು ಹೊಯ್ದು ಆರಿಸಿದರು. ಅರ್ಧ ಗಂಟೆಯಲ್ಲಿ ಚಳಿ ನೆಲದಿಂದ ಎದ್ದು ಮೊಣಕಾಲಿಗೆ ಬಂತು. ಮತ್ತೆ ಹಚ್ಚಿದರು. ಮತ್ತೆ ಆರಿಸಿದರು. ಹೀಗೆ ಮೂರು ಸಲ. ಟೀಚರಮ್ಮ ಬೀರುವಿನಿಂದ ಉತ್ತರ ಪತ್ರಿಕೆಗಳ ಕಟ್ಟು ತಂದಾಗ, ತನ್ನ ಚೀಲದ ಮೇಲೇ ಕೂತಿದ್ದ ಅಂಚೆಯವನು, ಸೊನ್ನೆ ಬಂದವನ್ನು ಮೊದಲು ಹಾಕಿ, ಅದರೊಳಗೆ ಏನೂ ಇಲ್ಲವಾದ್ದರಿಂದ ಬೇಗ ಹತ್ತಿಕೊಳ್ಳುತ್ತೆ ಅಂದ. ಡ್ರೈವರ್ ನಗಲು ಹೋದವನು, ನಗು ಅರ್ಧಕ್ಕೇ ಕೆಟ್ಟು, ಮುಖ ತಿರುಗಿಸಿಕೊಂಡ.

ಆಗ ಬಾಗಿಲ ಬಳಿ ಕೂತಿದ್ದ ಮುದುಕಿ ಎದ್ದು ಬಂದಳು. ಅವಳನ್ನು ಎಲ್ಲರೂ ಮಸಿಯಮ್ಮ ಎಂದೇ ಕರೆಯುತ್ತಿದ್ದರು. ಮನೆ ಮನೆಗೆ ಹೋಗಿ ಹೊಗೆ ಕೊಳವೆ ಗುಡಿಸಿಕೊಡುವುದು ಅವಳ ಕಸುಬು. ಎಷ್ಟು ತಿಕ್ಕಿದರೂ ಅಂಗೈಯ ಗೆರೆಗಳಲ್ಲಿ ಕಪ್ಪು ಉಳಿದೇ ಇರುತ್ತಿತ್ತು. ಅವಳು ಯಾರನ್ನೂ ಕೇಳದೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒದ್ದೆ ಬೂದಿಯನ್ನೆಲ್ಲ ಬಾಚಿ ತೆಗೆದಳು. ಮುರಿದ ಬೆಂಚಿನ ಕಾಲನ್ನು ಬೆರಳ ದಪ್ಪಕ್ಕೆ ಸೀಳಿಸಿದಳು. ಕೊಳವೆ ಬಾಗುವಲ್ಲಿ ಇದ್ದ ಸಣ್ಣ ಮುಚ್ಚಳ ತೆಗೆದು ಅದರೊಳಗೆ ಉರಿಯುವ ಕಾಗದ ತುರುಕಿದಳು. ತಣ್ಣಗಿರುವ ಕೊಳವೆ ಹೊಗೆ ಎಳೆಯುವುದಿಲ್ಲ, ಮೊದಲು ಅದನ್ನು ಬೆಚ್ಚಗೆ ಮಾಡಬೇಕು ಅಂದಳು. ಗಾಳಿಯಿಲ್ಲದ ಕಡೆಯ ಕಿಟಕಿಯನ್ನು ಎರಡು ಬೆರಳಷ್ಟು ತೆರೆಸಿದಳು. ಒಳಗೆ ಗಾಳಿ ಬರದೆ ಹೊರಗೆ ಹೊಗೆ ಹೋಗುವುದಾದರೂ ಹೇಗೆ? ಹೊಗೆ ತಗ್ಗಿತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮೇಲಿಂದ ಒಂದು ಗಾಳಿಯ ಹೊಡೆತ ಬಂದು, ಹೋದ ಹೊಗೆಯನ್ನೆಲ್ಲ ತಿರುಗಿ ಕೋಣೆಗೆ ಸುರಿಯಿತು.

ಮುದುಕಿ ಕೊಳವೆಗೆ ಕಿವಿಗೊಟ್ಟಳು. ಪಕ್ಕದ ಮೆಟ್ಟಿಲ ಗೋಡೆ ಕೊಳವೆಗಿಂತ ಎತ್ತರವಿದೆ, ಗಾಳಿ ಅದಕ್ಕೆ ಬಡಿದು ನೇರ ಕೊಳವೆಯ ಬಾಯಿಗೆ ಬೀಳುತ್ತಿದೆ, ಮೇಲೆ ಇನ್ನೂ ಮೂರು ಅಡಿ ಕೊಳವೆ ಬೇಕು ಎಂದಳು. ಡ್ರೈವರ್ ಎದ್ದೇಬಿಟ್ಟ. ಹೊರಗೆ ಇಳಿಜಾರಿನ ತಗಡಿನ ಚಾವಣಿ, ಮಳೆಯಲ್ಲಿ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬಾಣಂತಿ ಅವನ ಅಂಗಿಯ ಚುಂಗು ಹಿಡಿದುಕೊಂಡಳು.

"ಕೂತ್ಕೊಳ್ಳಪ್ಪ," ಅಂದಳು ಮಸಿಯಮ್ಮ. "ನೀನು ಹತ್ತೋದು ಬೇಡ. ಹತ್ತೋರು ಬೇರೆ ಇದ್ದಾರೆ. ಮಳೇಲಿ ಒಲೆ ಹೊಗೆ ಕಾರಿದ್ರೆ ಅವರು ಬಂದೇ ಬರ್ತಾರೆ. ಸ್ವಲ್ಪ ಹೊತ್ತು ಹಿಡಿಯುತ್ತೆ, ಅಷ್ಟೆ... ಬೆಂಕಿ ಸಣ್ಣಗಿರಲಿ. ಕೂಸಿನ ಮುಖ ಕಿಟಕಿ ಕಡೆ ಇರಲಿ ತಾಯಿ. ಅವರು ಬರೋವರೆಗೆ ಅವರ ವಿಷಯಾನೇ ಹೇಳ್ತೀನಿ, ಕೇಳಿ."

ಟೀಚರಮ್ಮನಿಗೆ ಮುದುಕಿಯ ತಲೆ ಕೆಟ್ಟಿದೆ ಅನ್ನಿಸಿತು. ಆದರೆ ಮಾಡುವುದಕ್ಕೆ ಬೇರೇನೂ ಉಳಿದಿಲ್ಲದ ಕೋಣೆಯಲ್ಲಿ ಯಾರಾದರೂ ಮಾತಾಡುತ್ತಿರುವುದು ಮೌನಕ್ಕಿಂತ ವಾಸಿ ಎಂದು ಅವಳು ಒಲೆಗೆ ಹತ್ತಿರ ಸರಿದು ಕೂತಳು.

"ನಮ್ಮವರು ಒಲೆ ಮೇಸ್ತ್ರಿ ಆಗಿದ್ರು. ಗೋಡೆ ಕಟ್ಟೋ ಮೇಸ್ತ್ರಿಗಳು ಬೇಕಾದಷ್ಟು ಜನ ಸಿಗ್ತಾರೆ. ಆದ್ರೆ ಗೋಡೆ ಎದ್ದು, ಬಣ್ಣ ಬಳಿದು, ಎಲ್ಲ ಮುಗಿದ ಮೇಲೆ ಒಲೆ ಹಚ್ಚಿದ್ರೆ ಮನೆಯವರೆಲ್ಲ ಕಣ್ಣುಜ್ಜಿಕೊಂಡು ಬೀದಿಗೆ ಓಡಿ ಬರ್ತಾರಲ್ಲ, ಆಗ ಕರೀತಿದ್ದದ್ದು ನಮ್ಮವರನ್ನ. ಅವರು ಮೇಲೆ, ನಾನು ಕೆಳಗೆ. ಮದುವೆಯಾದ ಎಂಟನೇ ದಿನದಿಂದ ಹಾಗೇ. ಇವರಿಬ್ಬರ ಸಂಸಾರ ನಡೆಯೋದೇ ಹೊಗೆ ಕೊಳವೆಯೊಳಗೆ ಅಂತ ಜನ ಹಾಸ್ಯ ಮಾಡೋರು. ಸುಳ್ಳೇನಲ್ಲ... ಮನೇಲಿ ಅವರು ಮಾತೇ ಆಡ್ತಿರಲಿಲ್ಲ. ಊಟ ಮಾಡಿ, ಗೋಡೆ ನೋಡ್ತಾ ಕೂರೋರು. ನನ್ನ ಜೊತೆ ಬಾಯಿ ಬಿಡ್ತಿದ್ದದ್ದು ಚಾವಣಿ ಹತ್ತಿದಾಗ ಮಾತ್ರ. ಅದೂ ಒಂದೇ ಮಾತು. 'ಎಳೀತೇನೇ?'

"ಆ ಕೆಲಸದ ಕ್ರಮ ಹೇಗೆ ಗೊತ್ತಾ? ಅವರು ಮೇಲೆ ಕೂತು ಕೊಳವೆ ಜೋಡಿಸಿ ಅದರ ಬಾಯಿಗೆ ಬಾಯಿ ಇಟ್ಟು ಕೇಳ್ತಾರೆ. ನಾನು ಒಂದು ಕಾಗದ ಸುರುಳಿ ಸುತ್ತಿ, ಹಚ್ಚಿ, ಒಲೆ ಬಾಯಿಗೆ ಹಿಡೀಬೇಕು. ಉರಿ ಒಳಕ್ಕೆ ಬಾಗಿದ್ರೆ ಎಳೀತಿದೆ ಅಂತ. ನನ್ನ ಮುಖದ ಕಡೆ ಬಾಗಿದ್ರೆ ಇಲ್ಲ ಅಂತ. ಆದ್ರೆ ಒಂದು ಕಾಗದ ಸಾಲದು. ಗಾಳಿ ಮಹಾ ಕಳ್ಳ, ಒಂದು ಸಲ ಸಾಧುವಿನ ಹಾಗೆ ನಟಿಸುತ್ತೆ. ಅದಕ್ಕೇ ಒಂದು ಕಾಗದ ಆರಿದ ಮೇಲೆ ನೂರು ಎಣಿಸಿ ಇನ್ನೊಂದು, ಮತ್ತೆ ನೂರು ಎಣಿಸಿ ಮತ್ತೊಂದು. ಮೂರೂ ಒಳಕ್ಕೆ ಬಾಗಿದ್ರೆ ಮಾತ್ರ ನಾನು ಎಳೀತು ಅನ್ನಬೇಕು. ಆ ಮಾತು ಕಿವಿಗೆ ಬೀಳದೆ ಅವರು ಏಣಿಗೆ ಕಾಲಿಡ್ತಿರಲಿಲ್ಲ. ಬಿಸಿಲಿರಲಿ, ಗಾಳಿ ಇರಲಿ, ಊಟದ ಹೊತ್ತು ಮೀರಲಿ... ಮೇಲಿರೋನಿಗೆ ಉರಿ ಕಾಣುತ್ತೇನು? ಕೆಳಗಿರೋಳ ಬಾಯೇ ಅವನಿಗೆ ಕಣ್ಣು.

"ಒಬ್ಬ ದರ್ಜಿ ಕರೆಸಿದ. ಅವನ ಹೆಂಡತಿ, ಆರು ವರ್ಷದ ಹೆಣ್ಣುಮಗು, ಒಂದೇ ಕೋಣೆಯ ಮನೆ. ಪಕ್ಕದಲ್ಲಿ ಮೂರಂತಸ್ತಿನ ಉಗ್ರಾಣ, ಗೋಡೆ ಆಕಾಶಕ್ಕೆ ಮುಟ್ಟೋ ಹಾಗೆ. ಇಲ್ಲಿಯ ರೋಗಾನೇ ಅಲ್ಲೂ. ಗಾಳಿ ಆ ಗೋಡೆಗೆ ಬಡಿದು ಕೊಳವೆಯೊಳಕ್ಕೆ ಬೀಳೋದು. ಬೆಳಿಗ್ಗೆ ಏಳಕ್ಕೆ ಹತ್ತಿದವರು ಕೊಳವೆ ಏರಿಸ್ತಾರೆ, ಕೇಳ್ತಾರೆ. ನಾನು ಕಾಗದ ಹಿಡೀತೀನಿ, ಉರಿ ನನ್ನ ಹುಬ್ಬು ಸುಡುತ್ತೆ. ಇಲ್ಲ ರೀ, ಅಂತೀನಿ. ಮತ್ತೆ ಏರಿಸ್ತಾರೆ, ಮತ್ತೆ ಕೇಳ್ತಾರೆ. ಮಧ್ಯಾಹ್ನ ಆಯ್ತು, ಮಳೆ ಶುರುವಾಯ್ತು... ನಂಗೆ ಆಗ ಐದು ತಿಂಗಳ ಕೂಸು. ಪಕ್ಕದ ಮನೆಯವಳ ಹತ್ರ ಬಿಟ್ಟು ಬಂದಿದ್ದೆ. ಎದೆ ಕಲ್ಲಿನ ಹಾಗೆ ಬಿಗಿದು ಬಟ್ಟೆಯೆಲ್ಲ ಒದ್ದೆ. ನಿನಗೆ ಗೊತ್ತಾಗುತ್ತೆ ತಾಯಿ, ಈ ಗಂಡಸರಿಗೆ ಹೇಳಿ ಏನು ಪ್ರಯೋಜನ?"

ಬಾಣಂತಿ ತಲೆ ಎತ್ತದೆಯೇ ಹೂಂ ಅಂದಳು. ಒಲೆಯಿಂದ ಹೊಗೆ ಎಳೆ ಎಳೆಯಾಗಿ ಹೊರಬರುತ್ತಲೇ ಇತ್ತು.

"ಹತ್ತೊಂಬತ್ತು ಕಾಗದ ಸುಟ್ಟಿದ್ದೆ. ಇಪ್ಪತ್ತನೇದು ಹಿಡಿದೆ ನೋಡಿ... ಉರಿ ಒಳಕ್ಕೆ ಬಾಗಿತು. ಒಂದು ಉಸಿರಿನಷ್ಟು ಹೊತ್ತು. ಮೇಲಿಂದ ಅವರು ಕೇಳಿದ್ರು. ನಾನು ನೂರು ಎಣಿಸಬೇಕಿತ್ತು. ಇನ್ನೆರಡು ಕಾಗದ ನನ್ನ ತೊಡೆ ಮೇಲೇ ಇದ್ವು. ಎಷ್ಟು ಹೊತ್ತಿನ ಕೆಲಸ ಹೇಳಿ ಅದು? ಆದ್ರೆ ನನ್ನ ಕಿವೀಲಿ ನನ್ನ ಕೂಸು ಅಳ್ತಿತ್ತು. ಎಳೀತು ಕಣ್ರೀ, ಇಳೀರಿ ಅಂದುಬಿಟ್ಟೆ.

"ಅವರು ಇಳಿದ್ರು. ಯಾಕೆ ಇಳೀಬಾರದು? ಏಳು ವರ್ಷದಲ್ಲಿ ನಾನು ಒಂದು ಸಲಾನೂ ಸುಳ್ಳು ಹೇಳಿರಲಿಲ್ಲ. ದರ್ಜಿಯ ಹೆಂಡತಿ ಬಾಗಿಲವರೆಗೆ ಬಂದು, ನಿಮ್ಮ ಕೂಸಿಗೆ ಇರಲಿ ಅಂತ ಚೂರು ಬಟ್ಟೇಲಿ ಹೊಲಿದ ಒಂದು ಟೋಪಿ ಕೊಟ್ಟಳು. ನಾನು ಓಡಿ ಓಡಿ ಮನೆಗೆ ಹೋಗಿ ಮಗೂನ ಎದೆಗೆ ಹಾಕ್ಕೊಂಡೆ. ಅಷ್ಟು ಸುಖ ನಂಗೆ ಯಾವತ್ತೂ ಆಗಿರಲಿಲ್ಲ, ಗೊತ್ತಾ?

"ದರ್ಜಿ ಆ ರಾತ್ರಿ ಬಟ್ಟೆ ಮುಟ್ಟಿಸೋಕೆ ಹೋದವನು ಮಳೆಗೆ ಸಿಕ್ಕಿಕೊಂಡು ಬೆಳಿಗ್ಗೆ ವಾಪಸ್ ಬಂದ. ಹೆಂಡತಿ, ಮಗು ಒಂದೇ ಹೊದಿಕೆಯಲ್ಲಿ ಮಲಗಿದ್ರಂತೆ. ಮೈ ಮೇಲೆ ಒಂದು ಗಾಯ ಇಲ್ಲ, ಗೀರಿಲ್ಲ. ಎಬ್ಬಿಸೋಕೆ ಹೋದನಂತೆ..."

ಮಸಿಯಮ್ಮ ನಿಲ್ಲಿಸಿದಳು. ಅಂಚೆಯವನು ಕೈಯಲ್ಲಿದ್ದ ಬೀಡಿಯನ್ನು ಹಚ್ಚದೆಯೇ ಜೇಬಿಗೆ ಹಾಕಿಕೊಂಡ. ಟೀಚರಮ್ಮ ಎದ್ದು ಹೋಗಿ ಕಿಟಕಿಯನ್ನು ಇನ್ನೊಂದು ಬೆರಳಷ್ಟು ತೆರೆದಳು. ಮಳೆಯ ಎರಚಲು ಅವಳ ತೋಳಿಗೆ ಹೊಡೆಯಿತು. ಹೀಗೇ ತೆರೆದಿಟ್ಟರೆ ಕೂಸಿಗೆ ಚಳಿ, ಮುಚ್ಚಿದರೆ ಆ ದರ್ಜಿಯ ಮನೆ. ಅವಳು ಕಿಟಕಿಯ ಚಿಲಕ ಹಿಡಿದೇ ನಿಂತಳು.

"ನಮ್ಮವರು ನಂಗೆ ಒಂದೇಟು ಹೊಡೆದಿದ್ರೆ ಚೆನ್ನಾಗಿತ್ತು. ಹೊಡೀಲಿಲ್ಲ, ಬಯ್ಯಲಿಲ್ಲ. ಎಷ್ಟು ಕಾಗದ ಅಂತ ಕೇಳಿದ್ರು. ನಾನು ಒಂದು ಬೆರಳು ತೋರಿಸಿದೆ. ಅಷ್ಟೆ. ಏಣಿ ಹೆಗಲಿಗೆ ಹಾಕ್ಕೊಂಡು ಆ ಮಳೇಲೇ ಹೊರಟುಹೋದ್ರು.

"ಮಧ್ಯಾಹ್ನದ ಹೊತ್ತಿಗೆ ಯಾರೋ ಓಡಿ ಬಂದು ಹೇಳಿದ್ರು, ನಿನ್ನ ಗಂಡ ಆ ಸತ್ತ ಮನೆ ಮೇಲೆ ಕೂತು ಕೊಳವೆಯೊಳಗೆ ಕೂಗ್ತಿದ್ದಾನೆ, ಕೆಳಗೆ ಉತ್ತರ ಹೇಳೋರು ಯಾರೂ ಇಲ್ಲ ಅಂತ. ಮಗೂನ ಎತ್ತಿಕೊಂಡು ಓಡಿದೆ. ಇಬ್ಬರು ಗಂಡಸರು ಏಣಿ ಹತ್ತಿದ್ರೆ ಕರಣೆ ಎತ್ತಿ ಬೀಸ್ತಿದ್ರಂತೆ. ನಾನು ಆ ಕೋಣೆಗೆ ಹೋದೆ. ಚಾಪೆ ಇನ್ನೂ ಹಾಸೇ ಇತ್ತು. ಒಲೆ ಹಚ್ಚಿ ಕಾಗದ ಹಿಡಿದೆ. ಉರಿ ಒಳಕ್ಕೆ ಬಾಗಿತು, ಯಾರೋ ಬಾಯಲ್ಲಿ ಹೀರಿಕೊಂಡ ಹಾಗೆ. ನೂರು ಎಣಿಸಿದೆ. ಎರಡನೇದೂ ಒಳಕ್ಕೆ. ಮತ್ತೆ ನೂರು ಎಣಿಸಿದೆ. ಮೂರನೇದೂ ಒಳಕ್ಕೆ. ಎಳೀತು ಕಣ್ರೀ ಅಂತ ಕೂಗಿದೆ. ಮೇಲೆ ಸದ್ದಿಲ್ಲ. ಆಮೇಲೆ... ಎಳೀತೇನೇ?

"ಮಗೂ ಮೇಲೆ ಆಣೆ ಇಟ್ಟೆ. ಎಳೀತೇನೇ? ಬೀದಿಯವರನ್ನ ಒಳಗೆ ಬಂದು ನೀವು ಹೇಳ್ರೋ ಅಂತ ಬೇಡಿಕೊಂಡೆ. ಹೆಣ ತೆಗೆದ ಕೋಣೆಗೆ ಯಾರು ಬರ್ತಾರೆ? ಕತ್ತಲಾಯ್ತು. ಅವರು ಕೇಳೋದು, ನಾನು ಹೇಳೋದು. ಗಂಟಲು ಕಟ್ಟಿ ದನಿ ಹೊರಡದೆ ಹೋದ ಮೇಲೆ ಕೊಳವೆ ಮೇಲೆ ಸೌದೆಯಿಂದ ಬಡಿದು ಹೇಳಿದೆ. ಬೆಳಗಿನ ಜಾವಕ್ಕೆ ಕೇಳೋದು ನಿಂತಿತು. ಸದ್ಯ, ನಂಬಿದ್ರು ಅಂತ ನಂಗೆ ನಗು ಬಂತು... ಬೆಳಕು ಹರಿದ ಮೇಲೆ ಹತ್ತಿ ನೋಡಿದ್ರೆ, ಕೊಳವೇನ ತಬ್ಬಿಕೊಂಡು ಕೂತಿದ್ರಂತೆ. ಅದು ಬೆಚ್ಚಗಿತ್ತಂತೆ, ಅವರು ತಣ್ಣಗಿದ್ರಂತೆ. ತೋಳು ಬಿಡಿಸೋಕೆ ಇಬ್ಬರು ಬೇಕಾಯ್ತು.

"ಮುಂದಿನ ಮಳೆಗೆ ನಮ್ಮನೆ ಒಲೆ ಹೊಗೆ ಕಾರಿತು. ಚಾವಣಿ ಮೇಲೆ ಹೆಜ್ಜೆ ಸದ್ದು, ಕಬ್ಬಿಣದ ಸದ್ದು. ಸ್ವಲ್ಪ ಹೊತ್ತಿಗೆ ಒಲೆ ತಾನಾಗೇ ಎಳೀತು. ಆಮೇಲೆ ಮೇಲಿಂದ ಆ ಮಾತು. ಅವತ್ತಿಂದ ನಲವತ್ತೊಂದು ಮಳೆಗಾಲ... ಯಾರ ಮನೇಲಿ ಒಲೆ ಹೊಗೆ ಕಾರಿದ್ರೂ ನಾನು ಹೋಗಿ ಕೂರ್ತೀನಿ. ನಾನು ಹೇಳಿದ್ರೆ ಅವರು ನಂಬಲ್ಲ. ಬೇರೆ ಯಾರಾದ್ರೂ ಒಬ್ಬರು, ನಿಜ ನೋಡಿ ನಿಜ ಹೇಳಿದ್ರೆ ಸಾಕು, ಇಳಿದುಬಿಡ್ತಾರೆ. ನಲವತ್ತೊಂದು ವರ್ಷದ ಮಳೆ ನೆನೆದಿದ್ದಾರೆ ಅವರು. ಸಾಲದೇ?"

ಮಾತು ನಿಂತ ಮೇಲೇ ಟೀಚರಮ್ಮನಿಗೆ ಚಾವಣಿಯ ಸದ್ದು ಕೇಳಿಸಿದ್ದು. ತಗಡಿನ ಮೇಲೆ ಮಳೆ ಒಂದೇ ಸಮ ಬೀಳುತ್ತಿತ್ತು, ಒಂದು ಜಾಗ ಬಿಟ್ಟು. ಆ ಒಂದು ಜಾಗದಲ್ಲಿ ಮಾತ್ರ ಅದು ತಗಡಿಗೆ ತಾಗದೆ ಬೇರೆ ಯಾವುದೋ ಮೆತ್ತಗಿನದರ ಮೇಲೆ ಬೀಳುತ್ತಿರುವಂತೆ ದನಿ ಅಡಗಿತ್ತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಕೂರುವ ಸದ್ದು, ಎರಡು ಸಲ.

"ಒಲೆ ನೋಡಿ," ಎಂದ ಅಂಚೆಯವನು, ಪಿಸುಮಾತಿನಲ್ಲಿ.

ಹೊಗೆ ನಿಂತಿತ್ತು. ಕೋಣೆಯಲ್ಲಿ ತೂಗಾಡುತ್ತಿದ್ದ ಹೊಗೆ ಸಹ ಮೆಲ್ಲಗೆ ಒಲೆಯತ್ತ ಸರಿದು, ಬಾಯಿಯೊಳಗೆ ನುಸುಳಿ ಹೋಗುತ್ತಿತ್ತು. ಬೆಂಕಿ ಗುಂಯ್ ಎಂದು ಎದ್ದಿತು. ಟೀಚರಮ್ಮ ಕಿಟಕಿಯನ್ನು ಎರಡು ಬೆರಳಿಗೆ ಇಳಿಸಿ ಬಂದು ಒಲೆಯ ಮುಂದೆ ಕೂತಳು. ಯಾರೂ ಹೇಳದಿದ್ದರೂ ಒಂದು ಉತ್ತರ ಪತ್ರಿಕೆಯನ್ನು ಸುರುಳಿ ಸುತ್ತಿದಳು. ಉರಿ ಒಳಕ್ಕೆ ಬಾಗಿತು. ಅಂಚೆಯವನು ಸದ್ದಿಲ್ಲದೆ ತುಟಿಯಲ್ಲೇ ನೂರು ಎಣಿಸಿದ. ಎರಡನೆಯದೂ ಬಾಗಿತು. ಮತ್ತೆ ನೂರು. ಮೂರನೆಯದೂ. ಅಷ್ಟರಲ್ಲಿ ಬಿಸಿ ಗೋಡೆಯವರೆಗೆ ಮುಟ್ಟಿ, ಕೂಸು ಕಾಲು ಜಾಡಿಸಿ ಅಳತೊಡಗಿತ್ತು. ಬಾಣಂತಿ ಅದರ ಅಂಗಾಲನ್ನು ತನ್ನ ಕೆನ್ನೆಗೆ ಒತ್ತಿಕೊಂಡು ತಾನೂ ಅತ್ತಳು.

ಆಗ ಕೊಳವೆಯೊಳಗಿಂದ ಬಂತು. ಗಾಳಿ ಎನ್ನಬಹುದಿತ್ತು. ಆದರೆ ಗಾಳಿಗೆ ಕೊನೆಯಲ್ಲಿ ಹಾಗೆ ದನಿ ಏರಿಸಿ ನಿಲ್ಲಿಸಲು, ನಿಲ್ಲಿಸಿ ಕಾಯಲು ಬರುವುದಿಲ್ಲ.

"ಎಳೀತು ಕಣ್ರೀ," ಎಂದಳು ಮಸಿಯಮ್ಮ, ನಲವತ್ತೊಂದು ವರ್ಷ ಹೇಳಿ ಸವೆದ ದನಿಯಲ್ಲಿ. ಮತ್ತೆ ಅದೇ ಬಂತು. ಅವಳು ಟೀಚರಮ್ಮನ ಕಡೆ ತಿರುಗಿದಳು. "ನೀವು ಹೇಳಿ. ನೀವೇ ನೋಡಿದಿರಿ, ಮೂರೂ ಕಾಗದ. ಸುಳ್ಳು ಹೇಳಿ ಅಂತಿಲ್ಲ ನಾನು. ಒಂದೇ ಮಾತು."

ಟೀಚರಮ್ಮ ಕೊಳವೆಯ ಮುಚ್ಚಳದ ಹತ್ತಿರ ಬಾಗಿದಳು. ಬಾಯಿ ತೆರೆದಳು. ಆಗ ಡ್ರೈವರ್, ಇಡೀ ಸಂಜೆಯಲ್ಲಿ ಮೊದಲ ಸಲ ಅವಳ ಕಣ್ಣು ತಪ್ಪಿಸಿ, "ಬೆಳಗಾಗಲಿ ಟೀಚರಮ್ಮ," ಅಂದ.

ಅವಳು ಹಾಗೇ ಬಾಗಿದ್ದು, ಮುದುಕಿಯನ್ನು ಕೇಳಿದಳು. "ಅವರು ಇಳಿದುಬಿಟ್ರೆ... ಒಲೆ?"

ಮಸಿಯಮ್ಮ ಎಳೆಯುತ್ತಲೇ ಇರುತ್ತೆ ಎಂದು ಹೇಳಿಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಟೀಚರಮ್ಮ ನಂಬಲು ತಯಾರಾಗಿಯೇ ಇದ್ದಳು.

"ಗೊತ್ತಿಲ್ಲ ತಾಯಿ," ಎಂದಳು ಮುದುಕಿ. "ಇಲ್ಲೀವರೆಗೂ ಯಾರೂ ಹೇಳಿ ನೋಡಿಲ್ಲ."

ಕೂಸು ಅಳು ನಿಲ್ಲಿಸಿ ಹಾಲು ಕುಡಿಯುತ್ತಿತ್ತು. ಅದರ ಅಂಗಾಲು ಈಗ ಕೆಂಪಗಿತ್ತು. ಬಾಣಂತಿ ಟೀಚರಮ್ಮನನ್ನು ನೋಡುತ್ತಿದ್ದಳು, ಅಷ್ಟೆ. ಟೀಚರಮ್ಮ ತೆರೆದ ಬಾಯಿಯನ್ನು ಮುಚ್ಚಿದಳು. ನೆಟ್ಟಗೆ ಕೂತು, ಒಂದು ಸೀಳು ಸೌದೆಯನ್ನು ಎತ್ತಿ ಒಲೆಗೆ ಇಟ್ಟಳು. ಅದು ಎಷ್ಟು ಚೆನ್ನಾಗಿ ಉರಿಯಿತೆಂದರೆ ಅವಳಿಗೆ ನಾಚಿಕೆಯಾಯಿತು.

ಮೇಲಿಂದ ಮತ್ತೆ ಕೇಳಿಸಿತು. ಈ ಸಲ ಮಸಿಯಮ್ಮನೂ ಉತ್ತರ ಕೊಡಲಿಲ್ಲ. ಅವಳಿಗೆ ಕೋಪ ಬಂದಂತೆ ಕಾಣಲಿಲ್ಲ. ಗೋಡೆಗೆ ಒರಗಿ, ಕಪ್ಪು ಗೆರೆಗಳ ಅಂಗೈಗಳನ್ನು ಬಿಸಿಗೆ ಹಿಡಿದು ಕೂತಳು.

"ಬಿಡಿ, ನಿಮ್ಮ ತಪ್ಪಲ್ಲ. ಬೆಚ್ಚಗಾದ ಮೇಲೆ ಯಾರೂ ಹೇಳಲ್ಲ. ಎಲ್ಲರ ಮನೇಲೂ ಒಂದು ಕೂಸು ಇದ್ದೇ ಇರುತ್ತೆ... ಆದ್ರೆ ಒಂದು ಮಾತು ಹೇಳಿರ್ತೀನಿ ಟೀಚರಮ್ಮ. ಇವತ್ತು ಕಾಗದ ಹಿಡಿದದ್ದು ನೀವು. ಕೊಳವೆ ಹತ್ರ ಬಾಗಿದ್ದು ನೀವು. ನಿಮ್ಮ ಉಸಿರಿನ ಸದ್ದು ಮೇಲಕ್ಕೆ ಹೋಗಿದೆ. ನಾಳೆ ದೋಣಿ ಬರುತ್ತೆ, ನೀವು ಮನೆಗೆ ಹೋಗ್ತೀರಿ, ಒಲೆ ಹಚ್ತೀರಿ. ಮಳೆ ಬಂದಾಗ ಚಾವಣಿ ಕಡೆ ಸ್ವಲ್ಪ ಕಿವಿ ಇರಲಿ. ಇಷ್ಟು ದಿನ ಕೇಳೋಕೆ ಅವರಿಗೆ ನಾನೊಬ್ಬಳೇ ಇದ್ದೆ... ಹೆದರಬೇಡಿ, ನನ್ನನ್ನ ಕೇಳೋ ಹಾಗೆ ಏನೇ ಗೀನೇ ಅನ್ನಲ್ಲ. ನಿಮಗೆ ಮರ್ಯಾದೆ ಕೊಟ್ಟೇ ಕೇಳ್ತಾರೆ."